ಇಳಿ ಎಂದು ಹೇಳುವವರು

ಸೇವಾಪುಸ್ತಕದಲ್ಲಿ ಅವರ ಹೆಸರು ಏನೇ ಇದ್ದಿರಲಿ, ಆ ಚಿಕ್ಕ ನಗರ ಅವರನ್ನು ಕರೆಯುತ್ತಿದ್ದುದು ‘ಹೋಲ್ಡಾನ್’ ಎಂದು. ಬಸ್ಸು ಹೊರಡಬೇಕಾದರೆ ಕಂಡಕ್ಟರಾದವನು ‘ರೈಟ್’ ಎನ್ನಬೇಕು, ನಿಲ್ಲಬೇಕಾದರೆ ‘ಹೋಲ್ಡಾನ್’ ಎನ್ನಬೇಕು. ಮಿಕ್ಕ ಕಂಡಕ್ಟರುಗಳ ಬಾಯಲ್ಲಿ ಎರಡೂ ಸಮಸಮನಾಗಿ ಬರುತ್ತಿದ್ದವು. ಇವರ ಬಾಯಲ್ಲಿ ಮಾತ್ರ ಒಂದು ರೈಟ್‌ಗೆ ನಾಲ್ಕು ಹೋಲ್ಡಾನ್. ಗಲ್ಲಿಯ ತುದಿಯಿಂದ ಯಾರಾದರೂ ಕೈಬೀಸುತ್ತ ಓಡಿಬಂದರೆ ಹೋಲ್ಡಾನ್. ದರ್ಜಿಯಂಗಡಿಯ ಮುದುಕ ಇನ್ನೂ ಬಾಗಿಲಿಗೆ ಬೀಗ ಹಾಕುತ್ತಿದ್ದರೆ ಹೋಲ್ಡಾನ್. ದಿನವೂ ಹತ್ತುವ ನರ್ಸಮ್ಮ ಸ್ಟಾಪಿನಲ್ಲಿ ಕಾಣದೆ ಹೋದರೆ, ಆ ಕಾಣದಿರುವಿಕೆಗೂ ಒಂದು ಹೋಲ್ಡಾನ್.

“ಅಲ್ಲಯ್ಯಾ, ಹೀಗೆ ನಿಲ್ಲಿಸ್ತಾ ಹೋದ್ರೆ ಈ ಗಾಡಿಗೆ ಚಕ್ರ ಯಾಕೆ ಬೇಕು? ಬಿಚ್ಚಿ ಮಾರಿಬಿಡೋಣ,” ಎಂದು ಗೊಣಗುತ್ತಿದ್ದವನು ಅವರ ಜೊತೆ ಇಪ್ಪತ್ತೆರಡು ವರ್ಷ ಸ್ಟಿಯರಿಂಗ್ ಹಿಡಿದ ಡ್ರೈವರ್. ಅವನನ್ನು ಊರೆಲ್ಲ ಕರೆಯುತ್ತಿದ್ದುದು ‘ಮೀಸೆ’ ಎಂದು.

“ನಿನ್ನ ಮೀಸೆಗೆ ಕುಡಿಸೋ ಎಣ್ಣೇನ ಈ ಇಂಜಿನ್ನಿಗೆ ಕುಡಿಸಿದ್ರೆ, ನಿಂತ ಹೊತ್ತನ್ನೆಲ್ಲ ಓಡಿ ಹಿಡಿದುಬಿಡ್ತಿತ್ತು,” ಎಂದು ಹಿಂದಿನ ಬಾಗಿಲಿನಿಂದ ಉತ್ತರ ಬರುತ್ತಿತ್ತು. ಬಸ್ಸು ನಗುತ್ತಿತ್ತು. ಯಾರಿಗೂ ಅಂಥ ಅವಸರವಿರಲಿಲ್ಲ. ಇದ್ದವರು ನಡೆದುಕೊಂಡೇ ಹೋಗುತ್ತಿದ್ದರು.

ಹೋಲ್ಡಾನರು ಕೆಲಸಕ್ಕೆ ಸೇರಿದ್ದು ೧೯೮೧ನೆಯ ಇಸವಿ ನವೆಂಬರ್ ೨, ಸೋಮವಾರ. ಅವರ ಬೀಳ್ಕೊಡುಗೆಯ ದಿನ ಭಾಷಣಕ್ಕೆ ನಿಂತವರೊಬ್ಬರು ನವೆಂಬರ್ ಒಂದು ಎಂದದ್ದುಂಟು. ಅದು ತಪ್ಪು, ಒಂದನೆಯ ತಾರೀಕು ಭಾನುವಾರವಾಗಿತ್ತು. ನಗರ ಸಾರಿಗೆಯೆಂದರೆ ಆ ಊರಿನಲ್ಲಿ ಒಟ್ಟು ಹನ್ನೊಂದು ಬಸ್ಸು. ಒಂದಕ್ಕೆ ಗೇರು ಬೀಳುವಾಗ ಕೆಮ್ಮು, ಇನ್ನೊಂದಕ್ಕೆ ಮಳೆ ಬಂದರೆ ಒಳಗೂ ಮಳೆ. ಒಂದು ಬಸ್ಸು ತಪ್ಪಿದರೆ ಮುಂದಿನದಕ್ಕೆ ಸ್ಟಾಪಿನ ಕಲ್ಲಿನ ಮೇಲೆ ಕುಳಿತು ನಿದ್ದೆ ಮಾಡಬಹುದಿತ್ತು. ಆದರೆ ನಿದ್ದೆ ಮಾಡಿದವನನ್ನು ಬಿಟ್ಟು ಆ ಬಸ್ಸು ಮುಂದೆ ಹೋಗುತ್ತಿರಲಿಲ್ಲ, ಕಂಡಕ್ಟರು ಇಳಿದು ತಟ್ಟಿ ಎಬ್ಬಿಸುತ್ತಿದ್ದರು.

ಡ್ರೈವರನ ಹಿಂದೆ, ಇಂಜಿನ್ನಿನ ಬಾನೆಟ್ಟಿನ ಪಕ್ಕ, ಒಬ್ಬರೇ ಕೂರುವಂಥ ಒಂದು ಸೀಟಿತ್ತು. ಅದು ಅಕ್ಕನದು.

ಅಕ್ಕ ಹೋಲ್ಡಾನರಿಗಿಂತ ನಾಲ್ಕು ವರ್ಷ ದೊಡ್ಡವಳು. ಮೂರನೆಯ ವಯಸ್ಸಿನಲ್ಲಿ ಬಂದ ಜ್ವರವೊಂದು ಅವಳ ಬುದ್ಧಿಯನ್ನು ಅಲ್ಲೇ ನಿಲ್ಲಿಸಿ ಮೈಯನ್ನು ಮಾತ್ರ ಮುಂದಕ್ಕೆ ಕಳಿಸಿತು. ತಾಯಿ ತೀರಿಕೊಳ್ಳುವಾಗ ತಮ್ಮನ ಕೈಹಿಡಿದು ಹೇಳಿದ್ದು ಇವಳ ಬಗ್ಗೆ ಮಾತ್ರ. ಮನೆಯಲ್ಲಿ ಕೂಡಿಹಾಕಿದರೆ ಅಳುತ್ತಿದ್ದಳು. ಬಸ್ಸಿನಲ್ಲಿ ಕೂರಿಸಿದರೆ ಬೆಳಗಿನಿಂದ ಸಂಜೆಯ ತನಕ ಕಿಟಕಿಗೆ ಹಣೆ ಹಚ್ಚಿ ನಗುತ್ತಿದ್ದಳು. ಹತ್ತಿದೊಡನೆ ಅಂಗೈ ಚಾಚಬೇಕು, ತಮ್ಮ ಅದರಲ್ಲೊಂದು ಹರಿದ ಟಿಕೆಟ್ಟಿಡಬೇಕು, ಅದನ್ನು ಮುಚ್ಚಿಟ್ಟುಕೊಳ್ಳಬೇಕು. ಅಷ್ಟಾದರೆ ಅವಳ ದಿನ ಸಾಂಗವಾಗಿ ಸಾಗುತ್ತಿತ್ತು. ಪ್ರಯಾಣಿಕರೂ ಡ್ರೈವರುಗಳೂ ಡಿಪೋದ ಮೇಲಧಿಕಾರಿಯೂ ಅವಳನ್ನು ಅಕ್ಕ ಎಂದೇ ಕರೆದರು. ತನಿಖೆಯ ಇನ್ಸ್‌ಪೆಕ್ಟರು ಹತ್ತಿದಾಗ ಅವಳು ಆ ಹರಿದ ಟಿಕೆಟ್ಟನ್ನು ಗಂಭೀರವಾಗಿ ತೋರಿಸುತ್ತಿದ್ದಳು, ಆತನೂ ಗಂಭೀರವಾಗಿ ನೋಡಿ ಹಿಂತಿರುಗಿಸುತ್ತಿದ್ದ.

ಒಂದೇ ಒಂದು ಸಲ ಅವಳು ತನ್ನ ಮನಸ್ಸಿಗೆ ಬಂದಲ್ಲಿ ಇಳಿದುಬಿಟ್ಟಿದ್ದಳು. ೧೯೮೩ರ ಆಗಸ್ಟ್ ೯, ಮಂಗಳವಾರ. ಇಟ್ಟಿಗೆಗೂಡಿನ ಬಳಿ ಯಾರದೋ ಹಿಂದೆ ಇಳಿದವಳು ಸಂಜೆ ಸಿಕ್ಕಿದ್ದು ರೈಲುಹಳಿಯ ಮೇಲೆ, ಕಲ್ಲು ಆರಿಸುತ್ತ. ಹೋಲ್ಡಾನರಿಗೆ ಜೀವ ಬಾಯಿಗೆ ಬಂದಿತ್ತು. ಜೀವಮಾನದಲ್ಲಿ ಒಮ್ಮೆ ಅವರು ಅಕ್ಕನ ಮೇಲೆ ಕೈಯೆತ್ತಿದ್ದರೆ ಅದು ಆ ದಿನ. ಆಮೇಲೆ ಅವಳೆದುರು ಕುಕ್ಕರಗಾಲಿನಲ್ಲಿ ಕುಳಿತು, ಅವಳ ಕಣ್ಣೀರನ್ನೂ ತಮ್ಮದನ್ನೂ ಒಂದೇ ಟವೆಲಿನಲ್ಲಿ ಒರೆಸುತ್ತ, ಹೇಳಿಕೊಟ್ಟರು:

“ನೋಡಕ್ಕ. ಯಾರಾದ್ರೂ ‘ಅಕ್ಕ, ಇಳಿ, ಮನೆ ಬಂತು’ ಅನ್ನೋ ತನಕ ಸೀಟು ಬಿಡಬಾರ್ದು. ಏನಾದ್ರೂ ಆಗ್ಲಿ. ಏನು?”

“ಬಿಡಬಾರ್ದು.”

“ಮಳೆ ಬಂದ್ರೆ?”

“ಬಿಡಬಾರ್ದು.”

“ಎಲ್ಲಾರೂ ಇಳಿದುಹೋದ್ರೆ?”

“ಬಿಡಬಾರ್ದು,” ಎಂದಳು ಅಕ್ಕ. ಕಲಿತದ್ದನ್ನು ಅವಳು ಎಂದೂ ಮರೆಯಲಿಲ್ಲ. ಕಲಿಯುವುದೇ ಅಪರೂಪವಾದ್ದರಿಂದ ಮರೆಯುವ ಅಭ್ಯಾಸವೂ ಅವಳಿಗಿರಲಿಲ್ಲ.

ಆ ಊರಿನ ಬಸ್ಸುಗಳಲ್ಲಿ ಒಂದು ಪದ್ಧತಿಯಿತ್ತು. ಯಾವ ನಿಯಮಾವಳಿಯಲ್ಲೂ ಅದು ಅಚ್ಚಾಗಿರಲಿಲ್ಲ. ಮಗುವನ್ನು ಅಜ್ಜಿಯ ಮನೆಗೆ ಕಳಿಸಬೇಕಾದವರು ಕಂಡಕ್ಟರಿಗೆ ಒಪ್ಪಿಸಿ ಕೈತೊಳೆದುಕೊಳ್ಳುತ್ತಿದ್ದರು. ಕುರ್ಚಿ ಹೆಣೆಯುವ ಕುರುಡನೊಬ್ಬ ದಿನಕ್ಕೆರಡು ಬಸ್ಸು ಬದಲಾಯಿಸುತ್ತಿದ್ದ. ಒಬ್ಬ ಕಂಡಕ್ಟರ ಕೈಯಿಂದ ಇನ್ನೊಬ್ಬನ ಕೈಗೆ ಅವನ ಮೊಣಕೈ ದಾಟುತ್ತಿತ್ತು. ಯಾರಾದರೂ ತಮ್ಮ ಸ್ಟಾಪು ತಪ್ಪಿ ಮುಂದೆ ಹೋದರೆ, ಎದುರಿನಿಂದ ಬರುವ ಬಸ್ಸನ್ನು ನಡುರಸ್ತೆಯಲ್ಲಿ ನಿಲ್ಲಿಸಿ ಅವರನ್ನು ಅದಕ್ಕೆ ಹತ್ತಿಸಲಾಗುತ್ತಿತ್ತು. ಆದ್ದರಿಂದ ತಪ್ಪಿಸಿಕೊಂಡವರನ್ನು ಹುಡುಕಿ ಅಲೆಯುವ ರೂಢಿಯೇ ಅಲ್ಲಿರಲಿಲ್ಲ. ರಸ್ತೆ ದಾಟಿ ಎದುರಿನ ಸ್ಟಾಪಿನಲ್ಲಿ ನಿಂತರೆ ಸಾಕು. ಬಸ್ಸಿನಲ್ಲಿ ಹೋದವರು ಬಸ್ಸಿನಲ್ಲೇ ಬರುತ್ತಿದ್ದರು. ತಮ್ಮನಿಲ್ಲದ ಬಸ್ಸು ಹತ್ತಿದ ಅಕ್ಕ ಹಾಗೆ ಎಷ್ಟೋ ಸಲ ಬಂದಿದ್ದಾಳೆ. ಒಮ್ಮೆ ಅವಳ ಮಡಿಲಲ್ಲಿ ಯಾರೋ ಕೊಟ್ಟ ಬೆಕ್ಕಿನ ಮರಿಯೂ ಇತ್ತು.

ಹಾಗೆಂದು ಆ ಬಸ್ಸನ್ನು ಹೊಗಳಿ ಅಟ್ಟಕ್ಕೇರಿಸುವುದೂ ನ್ಯಾಯವಲ್ಲ. ಕತ್ತಲಾದ ಮೇಲೆ ಅಲ್ಲಿ ಬಸ್ಸೇ ಇರುತ್ತಿರಲಿಲ್ಲ. ೧೯೯೯ರ ಜನವರಿ ೧೯ರಂದು ಹೋಲ್ಡಾನರ ಹೆಂಡತಿ ಒಲೆಯ ಮುಂದೆ ಕುಸಿದು ಬಿದ್ದಾಗ ಕೊನೆಯ ಬಸ್ಸು ಡಿಪೋ ಸೇರಿಯಾಗಿತ್ತು. ಕೈಗಾಡಿಯಲ್ಲಿ ಮಲಗಿಸಿ ಆಸ್ಪತ್ರೆ ಮುಟ್ಟಿಸುವಷ್ಟರಲ್ಲಿ ಮುಗಿದುಹೋಗಿತ್ತು. ಹನ್ನೆರಡು ವರ್ಷದ ಮಗಳು ಗಾಡಿಯ ಹಿಂದೆ ಓಡಿಬಂದಿದ್ದಳು. ಆ ಓಟ ಅವಳ ಎದೆಯಿಂದ ಇಳಿಯಲೇ ಇಲ್ಲ.

ಹೋಲ್ಡಾನರು ನಿವೃತ್ತರಾದದ್ದು ೨೦೧೪ರ ಮೇ ೩೧, ಶನಿವಾರ. ಆಮೇಲೂ ಮಿಕ್ಕ ಕಂಡಕ್ಟರುಗಳು ಅಕ್ಕನನ್ನು ಬಾನೆಟ್ಟಿನ ಪಕ್ಕದ ಸೀಟಿನಲ್ಲಿ ಸುತ್ತಿಸಿಕೊಂಡು ಬಂದರು. ಎರಡು ವರ್ಷ ತುಂಬುವ ಮೊದಲೇ ನಷ್ಟದ ಕಾರಣ ಹೇಳಿ ನಗರ ಸಾರಿಗೆಯನ್ನೇ ಮುಚ್ಚಲಾಯಿತು. ಕೊನೆಯ ಬಸ್ಸು ಓಡಿದ್ದು ೨೦೧೬ರ ಮಾರ್ಚ್ ೩೧, ಗುರುವಾರ. ಅದರಲ್ಲಿ ಅಕ್ಕ ಇದ್ದಳು, ಜೊತೆಗೆ ಇನ್ನೈದು ಜನ. ಊರಿನ ಮಿಕ್ಕವರೆಲ್ಲ ಆ ಹೊತ್ತಿಗಾಗಲೇ ಸ್ವಂತ ಬೈಕು ಕೊಂಡಿದ್ದರು, ಇಲ್ಲವೇ ಆಟೋಗಳಲ್ಲಿ ಮಂಡಿಗೆ ಮಂಡಿ ತಾಗಿಸಿ ತುಂಬಿಕೊಂಡು ಹೋಗುತ್ತಿದ್ದರು. ಬಸ್ಸು ನಿಂತದ್ದಕ್ಕೆ ಲೊಚಗುಟ್ಟಿದವರು ಅನೇಕರು. ಹತ್ತಿ ಕುಳಿತಿದ್ದರೆ ಅದು ನಿಲ್ಲುತ್ತಿರಲಿಲ್ಲ.

ಮಾರನೆಯ ಬೆಳಗಿನಿಂದ ಅಕ್ಕ ಸ್ಟಾಪಿನಲ್ಲಿ ಹೋಗಿ ನಿಲ್ಲತೊಡಗಿದಳು. ಆಟೋ ಹತ್ತಿಸಿದರೆ ಕಿರುಚುತ್ತಿದ್ದಳು. ಬಿಸಿಲಲ್ಲಿ ಅಂಗೈ ಚಾಚಿ ನಿಂತ ಅವಳನ್ನು ಹೊಸದಾಗಿ ಊರಿಗೆ ಬಂದವರು ಭಿಕ್ಷುಕಿಯೆಂದು ತಿಳಿದು ಚಿಲ್ಲರೆ ಹಾಕಿ ಹೋಗುತ್ತಿದ್ದರು. ಹೋಲ್ಡಾನರು ಅದನ್ನು ಒಂದು ವಾರ ಹಲ್ಲುಕಚ್ಚಿ ನೋಡಿದರು.

ಮಗಳು ದೊಡ್ಡ ನಗರದಲ್ಲಿ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದಳು. ಸುದ್ದಿ ಕೇಳಿ ಬಂದವಳು ನೇರವಾಗಿ ಮಾತಿಗಿಳಿದಳು.

“ಅಪ್ಪ, ಇಬ್ರೂ ನನ್ನ ಜೊತೆ ಬಂದುಬಿಡಿ. ಅಲ್ಲಿ ಬಸ್ಸಿಗೇನು ಬರ? ನಮ್ಮ ಮನೆ ಮುಂದೇನೇ ಸಾಲುಸಾಲಾಗಿ ಹೋಗ್ತಿರ್ತವೆ. ಅತ್ತೆ ಎಷ್ಟು ಬೇಕೋ ಅಷ್ಟು ಕೂತು ಸುತ್ತಲಿ.”

“ಅಲ್ಲಿ ಬಸ್ಸು ಕಾಯಲ್ವಂತೆ ಕಣಮ್ಮಾ.”

“ನಿಮ್ಮೂರ ಬಸ್ಸು ಕಾಯ್ತಿತ್ತು, ನಿಜ. ಅಮ್ಮನಿಗೆ ಬೇಕಾದಾಗ ಇತ್ತಾ?”

೨೦೧೬ರ ಜೂನ್ ೧೨, ಭಾನುವಾರದಂದು ಮನೆ ಖಾಲಿಯಾಯಿತು. ಬೀಳ್ಕೊಡಲು ಬಂದ ಮೀಸೆ, ಅಕ್ಕನ ಅಂಗೈಯಲ್ಲಿ ತನ್ನ ಜೇಬಿನಿಂದ ತೆಗೆದ ಒಂದು ಹಳೆಯ ಟಿಕೆಟ್ಟಿಟ್ಟು, “ದೊಡ್ಡೂರಿಗೆ ಹೋಗಿ ನಮ್ಮನ್ನ ಮರೀಬೇಡ ಅಕ್ಕ,” ಎಂದ.

ದೊಡ್ಡ ನಗರದ ಬಸ್ಸು ಎಲ್ಲ ರೀತಿಯಲ್ಲೂ ಮೇಲಾಗಿತ್ತು. ಇದನ್ನು ಹೋಲ್ಡಾನರೇ ಒಪ್ಪಿಕೊಂಡರು. ಸೀಟು ಹರಿದಿರಲಿಲ್ಲ. ಇಂಜಿನ್ನು ಕೆಮ್ಮುತ್ತಿರಲಿಲ್ಲ. ಒಂದು ಹೋದ ಬೆನ್ನಿಗೇ ಇನ್ನೊಂದು ಬರುತ್ತಿತ್ತು. ಹೆಂಗಸರು ಹೊತ್ತಲ್ಲದ ಹೊತ್ತಿನಲ್ಲೂ ಒಬ್ಬರೇ ಹತ್ತಿ ಮನೆ ಸೇರುತ್ತಿದ್ದರು, ಚಿಲ್ಲರೆಗಾಗಿ ಜಗಳ ಕಾಯುವವರಿರಲಿಲ್ಲ. ಬಾಗಿಲು ಬುಸ್ಸೆಂದು ತಾನೇ ತೆರೆದು ತಾನೇ ಮುಚ್ಚುತ್ತಿತ್ತು. ಹತ್ತಿದವರು ಯಂತ್ರವೊಂದಕ್ಕೆ ಕಾರ್ಡು ತಾಗಿಸಿ ಒಳಗೆ ಸರಿಯುತ್ತಿದ್ದರು. ಸ್ಟಾಪು ಬಂದಾಗ ಚಾವಣಿಯಿಂದ ಹೆಂಗಸೊಬ್ಬಳ ಧ್ವನಿ ಅದರ ಹೆಸರು ಹೇಳುತ್ತಿತ್ತು. ಡ್ರೈವರು ಗಾಜಿನ ಗೂಡಿನೊಳಗೆ ಕುಳಿತಿರುತ್ತಿದ್ದ, ಮೀನಿನ ತೊಟ್ಟಿಯೊಳಗಿನ ಮೀನಿನಂತೆ. ಕಂಡಕ್ಟರಿರಲಿಲ್ಲ.

ಮೊದಲ ದಿನ ಅಕ್ಕ ಆ ಯಂತ್ರದ ಮುಂದೆ ಅಂಗೈ ಚಾಚಿ ನಿಂತುಬಿಟ್ಟಳು. ಹಿಂದಿನವರು “ಮುಂದೆ ಹೋಗಮ್ಮಾ” ಎಂದು ನೂಕಿದರು. ಹೋಲ್ಡಾನರು ತಮ್ಮ ಜೇಬಿನಲ್ಲಿದ್ದ ಯಾವುದೋ ಚೀಟಿ ಹರಿದು ಅವಳ ಕೈಗಿಟ್ಟರು. ಅಂದಿನಿಂದ ಬೆಳಗಿನ ತಿಂಡಿಯಾದೊಡನೆ ಇಬ್ಬರೂ ಹೊರಡುವುದು ವಾಡಿಕೆಯಾಯಿತು: ಮನೆಯ ಮುಂದಿನ ಸ್ಟಾಪಿನಿಂದ ಕೊನೆಯ ನಿಲ್ದಾಣಕ್ಕೆ, ಅಲ್ಲಿಂದ ಹಿಂದಕ್ಕೆ. ಡ್ರೈವರನ ಗೂಡಿನ ಹಿಂದೆ ಇಲ್ಲೂ ಒಂದು ಒಂಟಿ ಸೀಟಿತ್ತು, ಸ್ವಲ್ಪ ತಗ್ಗಿನಲ್ಲಿ. ಅಕ್ಕ ಅದನ್ನು ತಾನಾಗಿ ಕಂಡುಕೊಂಡಳು. ಚಾವಣಿಯ ಧ್ವನಿ ಏನೇ ಹೇಳಿದರೂ ಅವಳು ಅಲುಗುತ್ತಿರಲಿಲ್ಲ. ಹೋಲ್ಡಾನರು ಬಗ್ಗಿ “ಅಕ್ಕ, ಇಳಿ, ಮನೆ ಬಂತು,” ಎಂದಾಗಲೇ ಏಳುವುದು.

೨೦೧೭ರ ಏಪ್ರಿಲ್ ೨೫, ಮಂಗಳವಾರ. ಬೆಳಗ್ಗೆಯೇ ಬಿಸಿಲು ಚುರುಗುಟ್ಟುತ್ತಿತ್ತು. ಸ್ಟಾಪಿನ ಬೆಂಚಿನ ಮೇಲೆ ಕುಳಿತು ಕನ್ನಡಕ ಒರೆಸಿಕೊಂಡ ಹೋಲ್ಡಾನರು, ಬಸ್ಸು ಬಂದ ಗಡಿಬಿಡಿಯಲ್ಲಿ ಕಾರ್ಡನ್ನು ಬೆಂಚಿನ ಮೇಲೆಯೇ ಬಿಟ್ಟರು. ಅಕ್ಕನನ್ನು ಹತ್ತಿಸಿ, ಚೀಟಿಯನ್ನು ಅಂಗೈಗಿಟ್ಟು, ಯಂತ್ರದ ಮುಂದೆ ಜೇಬು ತಡಕಿದಾಗ ಕಾರ್ಡಿಲ್ಲ. ಹಿಂದೆ ಜನ. “ಏನ್ ಯಜಮಾನ್ರೇ, ಇಲ್ಲೇ ಮನೆ ಮಾಡ್ತೀರಾ?” ಎಂದೊಬ್ಬ.

“ಕೂತ್ಕೋ ಅಕ್ಕ, ಒಂದೇ ನಿಮಿಷ, ಬಂದೆ,” ಎಂದು ಅವರು ಇಳಿದರು. ಮೂವತ್ತು ವರ್ಷ ಚಲಿಸುವ ಬಸ್ಸಿನಿಂದ ಇಳಿದು ಹತ್ತಿದ ಕಾಲು ಅವು; ನಾಲ್ಕು ಹೆಜ್ಜೆಯ ಬೆಂಚು ಯಾವ ಲೆಕ್ಕ? ಕಾರ್ಡು ಕೈಗೆ ಸಿಗುವಷ್ಟರಲ್ಲಿ ಹಿಂದೆ ಬುಸ್ಸೆಂಬ ಸದ್ದಾಯಿತು. ತಿರುಗಿ ನೋಡಿದರೆ ಬಾಗಿಲು ಮುಚ್ಚಿತ್ತು.

“ಹೋಲ್ಡಾನ್!” ಎಂದು ಕೂಗಿ ಅವರು ಬಸ್ಸಿನ ಮೈಗೆ ಅಂಗೈಯಿಂದ ಬಡಿದರು. ಆ ಒಂದು ಬಡಿತಕ್ಕೆ ಅವರ ಊರಿನಲ್ಲಿ ಹನ್ನೊಂದು ಬಸ್ಸೂ ನಿಲ್ಲುತ್ತಿದ್ದವು. ಇದು ನಿಲ್ಲಲಿಲ್ಲ. ಕಿಟಕಿಗಳ ಮೇಲೆಲ್ಲ ಸಾಬೂನಿನ ಜಾಹೀರಾತೊಂದು ಅಂಟಿಸಿತ್ತು, ನಗುವ ದೊಡ್ಡ ಮುಖದ್ದು; ಅದರ ಹಿಂದೆ ಅಕ್ಕ ಕಾಣಲಿಲ್ಲ.

ಹೋಲ್ಡಾನರು ಕಂಗಾಲಾಗಲಿಲ್ಲ. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂಬುದು ಅವರಿಗೆ ಗೊತ್ತಿತ್ತು. ಅವರು ರಸ್ತೆ ದಾಟಿ ಎದುರಿನ ಸ್ಟಾಪಿನಲ್ಲಿ ನಿಂತುಕೊಂಡರು.

ಅಲ್ಲೊಂದು ಪತ್ರಿಕೆಗಳ ಗೂಡಂಗಡಿ. ಅಂಗಡಿಯವನು ಸ್ವಲ್ಪ ಹೊತ್ತು ಇವರನ್ನು ನೋಡಿ, “ಯಾರಿಗೆ ಕಾಯ್ತಿದೀರಿ ಯಜಮಾನ್ರೇ? ಎಲ್ಲಾ ಬಸ್ಸಿಗೂ ಇಣುಕ್ತಿದೀರಿ, ಯಾವುದಕ್ಕೂ ಹತ್ತುತ್ತಿಲ್ಲ,” ಎಂದ.

“ಅಕ್ಕ ಆ ಕಡೆ ಹೋದ್ಲು. ಈಗ ಈ ಕಡೆ ಬರ್ತಾಳೆ.”

“ಫೋನ್ ಮಾಡಿ ಕೇಳಿ.”

“ಅವಳಿಗೆ ಫೋನ್ ಗೊತ್ತಿಲ್ಲ. ಮಗು ಥರ.”

ಅಂಗಡಿಯವನ ಮುಖ ಬದಲಾಯಿತು. “ಮಗು ಥರ ಅಂತೀರಿ, ಇಲ್ಲಿ ನಿಂತಿದೀರಲ್ಲ! ಪೊಲೀಸ್ನೋರಿಗೆ ಹೇಳಿ, ಇಲ್ಲಾ ಬಸ್ಸಿನ ಆಫೀಸಿಗಾದ್ರೂ ಹೋಗಿ.”

“ನಾನೇ ಬಸ್ಸಿನೋನು ಕಣಪ್ಪಾ,” ಎಂದರು ಹೋಲ್ಡಾನರು, ಕೊಂಚ ಬಿಗುಮಾನದಿಂದಲೇ. “ಕೊನೇ ಸ್ಟಾಪಲ್ಲಿ ಇಳಿಸಿ, ವಾಪಸ್ ಬರೋ ಗಾಡಿಗೆ ಹತ್ತಿಸಿ ಕಳಿಸ್ತಾರೆ. ನಾನು ಜಾಗ ಬಿಟ್ರೆ ಬಂದೋಳು ಯಾರನ್ನ ನೋಡಬೇಕು? ಬಸ್ಸಲ್ಲಿ ಹೋದೋರು ಬಸ್ಸಲ್ಲೇ ಬರ್ತಾರೆ.”

ಬಸ್ಸುಗಳು ಬಂದವು. ಒಂದೊಂದು ನಿಂತಾಗಲೂ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಗಾಜಿನ ಗೂಡಿನ ಕಡೆಗೆ ಕೂಗುತ್ತಿದ್ದರು: “ಅಕ್ಕನ್ನ ಹತ್ತಿಸಿ ಕಳಿಸಿದ್ದಾರಾ?”

“ಯಾವ ಅಕ್ಕ? ಹತ್ತೋದಿದ್ರೆ ಹತ್ತಿ, ಇಲ್ಲಾಂದ್ರೆ ಕಾಲು ತೆಗೀರಿ. ಬಾಗಿಲು ಹಾಕ್ಬೇಕು.”

ಇನ್ನೊಬ್ಬ ಕೇಳಿಸದೆ ಕೈಯಾಡಿಸಿದ. ಮತ್ತೊಬ್ಬ, ಒಳ್ಳೆಯವನು, “ನಮಗೇನೂ ಗೊತ್ತಾಗಲ್ಲ ತಾತ, ಕಂಟ್ರೋಲ್ ರೂಮಲ್ಲಿ ಕೇಳಿ,” ಎಂದು ಹೇಳುತ್ತಿರುವಾಗಲೇ ಹಿಂದಿನ ಬಸ್ಸು ಹಾರನ್ ಹೊಡೆಯಿತು. ಎಲ್ಲ ಬಸ್ಸಿಗೂ ಒಂದೇ ಬಣ್ಣ. ಅರ್ಧಕ್ಕರ್ಧ ಬಸ್ಸುಗಳ ಮೇಲೆ ಅದೇ ಸಾಬೂನಿನ ನಗು. ನೆರಳು ಕಾಲಬುಡಕ್ಕೆ ಸರಿದು, ಮತ್ತೆ ಮೆಲ್ಲನೆ ಇನ್ನೊಂದು ಬದಿಗೆ ಚಾಚಿತು. ಬಾಯಾರಿದರೂ ನೀರಿಗೆ ಹೋಗಲಿಲ್ಲ. ಹೋದ ಹೊತ್ತಿನಲ್ಲೇ ಅಕ್ಕ ಬಂದರೆ? ಅಂಗಡಿಯವನೇ ನೀರು ತಂದುಕೊಟ್ಟ. ಜೇಬಿನಲ್ಲಿದ್ದ ಫೋನು ನೆನಪಿಗೆ ಬರಲಿಲ್ಲವೆಂದಲ್ಲ. ಮಗಳಿಗೆ ಹೇಳಿದರೆ ಹೆದರಿಯಾಳು, ಅಕ್ಕ ಬಂದ ಮೇಲೆ ಹೇಳಿದರೆ ನಕ್ಕಾಳು, ಎಂದುಕೊಂಡರು.

ಮಧ್ಯಾಹ್ನ ಊಟಕ್ಕೆ ಬಂದರೋ ಇಲ್ಲವೋ ಎಂದು ಮಗಳೇ ಫೋನು ಮಾಡಿದಳು. ಹೋಲ್ಡಾನರು ನಡೆದದ್ದನ್ನು ಹೇಳಿದರು.

“ಬೆಳಗ್ಗೆಯಿಂದಾ? ಅಪ್ಪಾ, ಬೆಳಗ್ಗೆಯಿಂದ ಅಲ್ಲೇ ನಿಂತಿದೀರಾ?”

“ಬರ್ತಾಳಮ್ಮಾ. ಎದುರು ಬಸ್ಸಿಗೆ ಹತ್ತಿಸ್ತಾರೆ.”

“ಯಾರು ಹತ್ತಿಸ್ತಾರೆ ಅಪ್ಪಾ?” ಎಂದು ಅವಳು ಕಿರುಚಿದಳು. “ಯಾರು? ಅದರಲ್ಲಿ ಯಾರಿದ್ದಾರೆ?”

ಆಗ, ಆ ಪ್ರಶ್ನೆ ಕಿವಿಗೆ ಬಿದ್ದ ಮೇಲೆ, ಹೋಲ್ಡಾನರು ಬಂದು ನಿಂತ ಬಸ್ಸಿಗೆ ಇಣುಕುವುದನ್ನು ಬಿಟ್ಟರು. ಹತ್ತು ತಿಂಗಳು ಆ ಬಸ್ಸಿನಲ್ಲಿ ದಿನವೂ ಓಡಾಡಿದ್ದರು. ಕಂಡಕ್ಟರಿಲ್ಲವೆಂಬುದನ್ನು ಕಣ್ಣು ಕಂಡಿತ್ತು. ಮೈ ಮಾತ್ರ ಅದನ್ನು ಒಪ್ಪಿಕೊಂಡಿರಲಿಲ್ಲ.

ಮಗಳು ಓಡಿಬಂದು ಅವರನ್ನು ಕಂಟ್ರೋಲ್ ರೂಮಿಗೆ ಕರೆದೊಯ್ದಳು. ಅಲ್ಲಿ ಪರದೆಗಳ ಮುಂದೆ ಕುಳಿತ ಮನುಷ್ಯ ಕೆಟ್ಟವನಲ್ಲ. ಆದರೆ ಅವನಿಗೆ ಬೇಕಾದ್ದು ಇವರಲ್ಲಿರಲಿಲ್ಲ.

“ಗಾಡಿ ನಂಬರ್ ಹೇಳಿ.”

“ನೋಡ್ಲಿಲ್ಲ.”

“ಕಂಡಕ್ಟರಾಗಿದ್ದೋರು ಅಂತೀರಿ, ನಂಬರ್ ನೋಡ್ಲಿಲ್ವಾ?”

ಮಗಳು ಅಪ್ಪನ ಮುಂದೆ ಬಂದು ನಿಂತಳು. “ಬೆಳಗ್ಗೆ ತಿಂಡಿ ಹೊತ್ತು, ನಮ್ಮ ಸ್ಟಾಪು, ಸೋಪಿನ ಜಾಹೀರಾತು. ಅಷ್ಟರಲ್ಲಿ ಹುಡುಕಿ. ದಯವಿಟ್ಟು.”

ಅವನು ಹುಡುಕಿದ. ಆ ಹೊತ್ತಿಗೆ ಆ ಸ್ಟಾಪು ದಾಟಿದ ಬಸ್ಸುಗಳಲ್ಲಿ ಎರಡರ ಮೇಲೆ ಸಾಬೂನಿನ ಜಾಹೀರಾತಿತ್ತು. ಒಂದು ಇನ್ನೂ ಓಡುತ್ತಿದೆ; ಇನ್ನೊಂದು ಬೆಳಗಿನ ಜನಸಂದಣಿ ಮುಗಿದ ಮೇಲೆ ರಸ್ತೆಯಿಂದ ತೆಗೆದದ್ದು. ಸಂಜೆಯ ಸಂದಣಿಯ ತನಕ ಅಂಥ ಬಸ್ಸುಗಳನ್ನು ಕೊನೆಯ ನಿಲ್ದಾಣದ ಆಚೆಯ ಬಯಲಿನಲ್ಲಿ ನಿಲ್ಲಿಸುತ್ತಾರೆ.

“ನಿಲ್ಲಿಸ್ತಾರೆ ಅಂದ್ರೆ?” ಎಂದರು ಹೋಲ್ಡಾನರು. ಹನ್ನೊಂದೇ ಬಸ್ಸಿನ ಊರಿನಲ್ಲಿ ಯಾವ ಬಸ್ಸಿಗೂ ಹಗಲುನಿದ್ದೆಯ ಪುಣ್ಯವಿರಲಿಲ್ಲ.

ಬಯಲಿನ ಕಾವಲುಗಾರನಿಗೆ ಫೋನು ಹೋಯಿತು. ಅವನ ಉತ್ತರ ಇವರಿಗೂ ಕೇಳಿಸಿತು: “ಎಲ್ಲಾ ಬಾಗಿಲು ಹಾಕಿದೆ ಸಾರ್. ಒಳಗೆ ಯಾರಿರ್ತಾರೆ?”

ಬಯಲಿನಲ್ಲಿ ಒಂದು ಮರವೂ ಇರಲಿಲ್ಲ. ಬಸ್ಸುಗಳು ಸಾಲಾಗಿ ಬಿಸಿಲಿಗೆ ಬೆನ್ನು ಕೊಟ್ಟು ನಿಂತಿದ್ದವು. ತಗಡು ಮುಟ್ಟಿದರೆ ಕೈ ಸುಡುತ್ತಿತ್ತು. ಕಿಟಕಿಗಳು ತೆರೆಯುವಂಥವಲ್ಲ, ಒಳಗೆ ತಂಪಿನ ಯಂತ್ರವಿದ್ದದ್ದರಿಂದ ತೆರೆಯುವ ಅಗತ್ಯವೇ ಯಾರಿಗೂ ಕಂಡಿರಲಿಲ್ಲ. ಇಂಜಿನ್ನು ಆರಿದರೆ ತಂಪೂ ಆರುತ್ತಿತ್ತು. ಕಾವಲುಗಾರ ಹೊರಗಿನ ಗುಂಡಿಯೊತ್ತಿದ. ಬುಸ್ಸೆಂದು ಬಾಗಿಲು ತೆರೆದು, ಕುಲುಮೆಯ ಬಾಯಿ ತೆರೆದಂತೆ ಬಿಸಿ ಹೊರನುಗ್ಗಿತು.

ಗೂಡಿನ ಹಿಂದಿನ ತಗ್ಗಿನ ಸೀಟಿನಲ್ಲಿ ಅಕ್ಕ ಇದ್ದಳು. ಹಣೆ ಕಿಟಕಿಗೆ ಒರಗಿತ್ತು. ಒಂದು ಕೈ ಮುಂದಿನ ಸರಳನ್ನು ಹಿಡಿದಿತ್ತು, ಇನ್ನೊಂದು ಮಡಿಲಲ್ಲಿ ಮುಷ್ಟಿಯಾಗಿತ್ತು. ಅದರೊಳಗೇನಿದೆಯೆಂದು ತಮ್ಮನಿಗೆ ಬಿಡಿಸಿ ನೋಡಬೇಕಾಗಿರಲಿಲ್ಲ.

ಮಗಳು ಕುತ್ತಿಗೆಯ ನಾಡಿ ಮುಟ್ಟಿ ನೋಡಿ ಕೈ ಹಿಂತೆಗೆದಳು.

ಹೋಲ್ಡಾನರು ಬಗ್ಗಿದರು. ಧ್ವನಿ ದಿನದ ಧ್ವನಿಯೇ. “ಅಕ್ಕ,” ಎಂದರು. “ಇಳಿ. ಮನೆ ಬಂತು.” ಎರಡನೆಯ ಸಲವೂ ಅಂದರು. ಮೂರನೆಯ ಸಲ ಮಗಳು ಅವರ ಬಾಯಿಗೆ ಕೈ ಅಡ್ಡ ಹಿಡಿದಳು.

ವಿಚಾರಣೆ ನಡೆದದ್ದು ಜೂನ್ ೯, ಶುಕ್ರವಾರ. ಬಸ್ಸು ನಿಲ್ಲಿಸಿ ಹೋಗಿದ್ದ ಡ್ರೈವರು ಇನ್ನೂ ಮೂವತ್ತು ದಾಟದವನು. “ಕೊನೇ ಸ್ಟಾಪು ಅಂತ ಅನೌನ್ಸ್ ಆಗಿತ್ತು ಸಾರ್. ಮೂರು ಸಲ ಆಗಿತ್ತು. ಕನ್ನಡೀಲಿ ನೋಡ್ದೆ, ಯಾರೂ ಕಾಣ್ಲಿಲ್ಲ,” ಎಂದು ಹೇಳಿ ಅತ್ತ. ಎದ್ದು ಹೋಗಿ ಗೂಡಿನ ಹಿಂದೆ ನೋಡಬೇಕಿತ್ತಲ್ಲವೇ ಎಂದಾಗ ತಲೆತಗ್ಗಿಸಿದ. ಅಧಿಕಾರಿ ಹೋಲ್ಡಾನರ ಕಡೆ ತಿರುಗಿದರು.

“ನಿಮ್ಮ ದೂರು ಯಾರ ಮೇಲೆ? ಹೇಳಿ ಯಜಮಾನ್ರೇ.”

“ಅವಳಿಗೆ ಕಲಿಸಿದೋನು ನಾನು,” ಎಂದರು ಹೋಲ್ಡಾನರು. “ಯಾರಾದ್ರೂ ಹೇಳೋ ತನಕ ಇಳೀಬೇಡ ಅಂತ. ಯಾರೂ ಇಲ್ಲದ ಬಸ್ಸು ಒಂದಿರುತ್ತೆ ಅಂತ ಕಲಿಸ್ಲಿಲ್ಲ. ಮಧ್ಯಾಹ್ನದ ತನಕ ಆ ಸ್ಟಾಪಲ್ಲಿ ನಿಂತಿದ್ದೋನೂ ನಾನೇ.”

ಅಧಿಕಾರಿ ಲೇಖನಿ ಕೆಳಗಿಟ್ಟರು. ಡ್ರೈವರನನ್ನು ಕೆಲವು ತಿಂಗಳು ಕೆಲಸದಿಂದ ದೂರವಿಟ್ಟು ಮತ್ತೆ ಅದೇ ಮಾರ್ಗಕ್ಕೆ ಹಾಕಿದರು.

ಮೀಸೆ ದೊಡ್ಡ ನಗರಕ್ಕೆ ಬಂದದ್ದು ೨೦೧೮ರ ಫೆಬ್ರವರಿ ೪, ಭಾನುವಾರ. ಮಣ್ಣಿಗೆ ಬರಲಾಗಿರಲಿಲ್ಲ, ಕಾಲುನೋವು. ಮೀಸೆ ಪೂರ್ತಿ ಬೆಳ್ಳಗಾಗಿತ್ತು.

“ಅಪ್ಪ ಮನೇಲಿರಲ್ಲ ಚಿಕ್ಕಪ್ಪಾ,” ಎಂದಳು ಮಗಳು. “ಬೆಳಗ್ಗೆ ಹೋದ್ರೆ ಬರೀ ಬಸ್ಸಲ್ಲೇ. ನೀವೂ ಜೊತೆಗೆ ಹೋಗಿ ನೋಡಿ. ನಾನು ಹೇಳೋಕಾಗಲ್ಲ.”

ಇಬ್ಬರೂ ಮನೆಯ ಮುಂದಿನ ಸ್ಟಾಪಿನಲ್ಲಿ ಹತ್ತಿದರು. ಹೋಲ್ಡಾನರು ಗೂಡಿನ ಹಿಂದಿನ ತಗ್ಗಿನ ಸೀಟಿನಲ್ಲಿ ಕುಳಿತರು, ಮೀಸೆ ಎದುರು. ಹಳೆಯ ಮಾತು ತೆಗೆದು ನಗಿಸೋಣವೆಂದು ಮೀಸೆ, “ಏನಯ್ಯಾ, ಇಲ್ಲಿ ಒಂದ್ಸಲಾನೂ ಹೋಲ್ಡಾನ್ ಅನ್ಲಿಲ್ವಲ್ಲ?” ಎಂದ. ಒಂದೊಂದು ಸ್ಟಾಪು ಬಂದಾಗಲೂ, ಚಾವಣಿಯ ಧ್ವನಿ ಮುಗಿದೊಡನೆ, ಹೋಲ್ಡಾನರು ತಿರುಗಿ ಅದೇ ಹೆಸರನ್ನು ತಮ್ಮ ಗಂಟಲಿನಿಂದ ಕೂಗುತ್ತಿದ್ದರು. “ಇಳಿಯೋರು ಇಳೀರಿ, ನಿಮ್ಮ ಸ್ಟಾಪು ಬಂತು.” ಕೆಲವರು ಕಿವಿಗೆ ಸಿಕ್ಕಿಸಿದ್ದನ್ನು ತೆಗೆದು ನೋಡಿ ಮತ್ತೆ ಸಿಕ್ಕಿಸಿಕೊಂಡರು. ಕಾಲೇಜಿನ ಹುಡುಗಿಯೊಬ್ಬಳು ಗೆಳತಿಯ ಕಿವಿಯಲ್ಲಿ ಏನೋ ಹೇಳಿ ನಕ್ಕಳು. “ತಾತ, ಸಂಬಳ ಎಷ್ಟು ಕೊಡ್ತಾರೆ?” ಎಂದೊಬ್ಬ ಹಿಂದಿನಿಂದ ಕೆಣಕಿದ. ಹೋಲ್ಡಾನರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಕೊನೆಯ ನಿಲ್ದಾಣದಲ್ಲಿ ಬಸ್ಸು ಬರಿದಾಯಿ​ತು. ಹೋಲ್ಡಾನರು ಎದ್ದು ಹಿಂದಿನ ಸಾಲಿನಿಂದ ಮುಂದಿನ ತನಕ ಪ್ರತಿಯೊಂದು ಸೀಟನ್ನೂ ಬಗ್ಗಿ ನೋಡಿದರು, ಸೀಟಿನ ಕೆಳಗೂ ನೋಡಿದರು. ಗೂಡಿನೊಳಗಿನ ಡ್ರೈವರು ಇಂಜಿನ್ನು ಆರಿಸದೆ ಕಾದಿದ್ದ. ಅಂದು ಬಸ್ಸು ನಿಲ್ಲಿಸಿ ಹೋದವನು ಇವನೇ ಎಂದು ಮಗಳು ಮೀಸೆಗೆ ಮೊದಲೇ ಹೇಳಿದ್ದಳು. ನೋಡಿ ಮುಗಿಸಿದ ಹೋಲ್ಡಾನರು ಮತ್ತೆ ಆ ತಗ್ಗಿನ ಸೀಟಿನಲ್ಲೇ ಕುಳಿತು, ಮುಂದಿನ ಸರಳು ಹಿಡಿದುಕೊಂಡರು. ಚಾವಣಿಯ ಧ್ವನಿ ಎಲ್ಲರೂ ಇಳಿಯಬೇಕೆಂದು ಮೂರು ಸಲ ಹೇಳಿತು. ಅವರು ಏಳಲಿಲ್ಲ.

ಡ್ರೈವರು ಗಾಜಿನ ಬಾಗಿಲು ತೆರೆದು ಹೊರಬಂದ.

“ದಿನಾ ನಾನೇ ಬಂದು ಹೇಳ್ತೀನಿ,” ಎಂದು ಅವನು ಮೀಸೆಗೆ ತಗ್ಗಿದ ಧ್ವನಿಯಲ್ಲಿ ಹೇಳಿದ. “ಹೇಳೋ ತನಕ ಏಳಲ್ಲ. ಇವತ್ತು ನೀವಿದ್ದೀರಿ. ನೀವೇ ಹೇಳಿ ಸಾರ್.”

ಮೀಸೆ ಇಪ್ಪತ್ತೆರಡು ವರ್ಷ ಈ ಮನುಷ್ಯನ ಮಾತಿಗೆ ಬಸ್ಸು ನಿಲ್ಲಿಸಿದವನು, ಬಸ್ಸು ಹೊರಡಿಸಿದವನು. ಇಳಿ ಎಂದು ಅವರಿಗೆ ಹೇಳುವ ಪ್ರಸಂಗ ಎಂದೂ ಬಂದಿರಲಿಲ್ಲ. ನೋಯುವ ಕಾಲನ್ನು ಎಳೆದುಕೊಂಡು ಹತ್ತಿರ ಹೋಗಿ ಹೆಗಲ ಮೇಲೆ ಕೈಯಿಟ್ಟ.

“ಇಳಿಯೋ ಮಾರಾಯಾ,” ಎಂದ. “ಬಂತು.”

ಹೋಲ್ಡಾನರು ಎದ್ದರು.